ಬಾಯಿಂದ ಜಾರಿದ ದೋಣಿ

ಅರ್ಬೈನಾ ತನ್ನ ದೋಣಿಯನ್ನು ಮಾರಿದ್ದು ಒಂದು ಗುರುವಾರ ಬೆಳಿಗ್ಗೆ, ನಗುನಗುತ್ತಾ. ನಗು ಇನ್ನೂ ಮುಖದ ಮೇಲೆಯೇ ಇತ್ತು. ಅಷ್ಟರಲ್ಲಿ ತಾನು ಏನಂದೆ ಎಂಬುದು ಅವಳಿಗೆ ತಿಳಿಯಿತು.

ಮಾರ್ತಪುರ ಹೊಳೆಯ ಮೇಲೆ ನಡೆಯುವ ಸಂತೆಯಲ್ಲಿ ಅದು ಅವಳ ನಲವತ್ತೊಂಬತ್ತನೆಯ ವರ್ಷ. ಹನ್ನೆರಡರ ಹುಡುಗಿಯಾಗಿ ತಾಯಿಯ ಬೆನ್ನ ಹಿಂದೆ ಕೂತು ಬಂದವಳಿಗೆ ಈಗ ಅರವತ್ತೊಂದು. ಮನೆಯ ಹಿಂದಿನ ಜೌಗಿನಲ್ಲಿ ಮಣ್ಣಿನ ದಿಬ್ಬ ಎಬ್ಬಿಸಿ ಗಂಡ ಮಸ್ರಾನ್ ಕಿತ್ತಳೆ, ಬಾಳೆ ಬೆಳೆಯುತ್ತಾನೆ. ಅವಳು ದೋಣಿಗೆ ತುಂಬಿಕೊಂಡು ಹೋಗಿ ಮಾರಿ ಬರುತ್ತಾಳೆ. ಆ ಊರುಗಳಲ್ಲಿ ತೋಟ ಗಂಡಸಿನದು, ಹೊಳೆ ಹೆಂಗಸಿನದು. ಮುಂಜಾನೆಯ ನಮಾಜು ಮುಗಿಸಿ, ಅಕ್ಕಿಹಿಟ್ಟಿನ ತಂಪು ಲೇಪವನ್ನು ಕೆನ್ನೆಗೆ ಬಳಿದುಕೊಂಡು, ಗರಿಯ ಅಗಲ ಟೋಪಿಯನ್ನು ತಲೆಗಿಟ್ಟು ಅವಳು ದೋಣಿಯಲ್ಲಿ ಕುಳಿತಳೆಂದರೆ ಮಂಡಿನೋವು ದಡದ ಮೆಟ್ಟಿಲ ಮೇಲೆಯೇ ಉಳಿದುಬಿಡುತ್ತಿತ್ತು. ನೆಲದ ಮೇಲೆ ಅವಳೊಬ್ಬ ಕುಂಟುವ ಮುದುಕಿ. ನೀರಿನ ಮೇಲೆ ಹಾಗಲ್ಲ.

ದೋಣಿ ಅವಳ ತಾಯಿಯದು. ನೀರು ಕುಡಿದಷ್ಟೂ ಗಟ್ಟಿಯಾಗುವ ಉಲಿನ್ ಮರದ್ದು. ಅಂಥ ಮರ ಈಗ ಕಾಡಿನಲ್ಲೇ ಉಳಿದಿಲ್ಲ. ಈಗಿನವರು ಹಗುರ ಹಲಗೆಯಲ್ಲಿ ಕಟ್ಟಿಕೊಡುವ ದೋಣಿಗಳು ಐದಾರು ಮಳೆಗಾಲಕ್ಕೆ ಮೆತ್ತಗಾಗುತ್ತವೆ. ಈ ದೋಣಿಯ ಎಡ ಅಂಚಿನಲ್ಲಿ, ಹುಟ್ಟು ಹಾಕದ ಕೈಯನ್ನು ಊರುವ ಕಡೆ, ಒಂದು ತಗ್ಗಿತ್ತು. ಆ ತಗ್ಗನ್ನು ಅರ್ಧ ತಾಯಿಯ ಅಂಗೈ ಸವೆಸಿತ್ತು, ಉಳಿದರ್ಧ ಮಗಳದು.

ಸಂತೆಗೆ ಒಂದು ನಿಯಮವಿತ್ತು. ಬೆಲೆ ಕುದುರಿದ ಮೇಲೆ ಮಾರುವವಳು ‘ಮಾರಿದೆ’ ಅನ್ನಬೇಕು. ಕೊಳ್ಳುವವರು ‘ಕೊಂಡೆ’ ಅನ್ನಬೇಕು. ಎರಡು ಮಾತು ಎದುರುಬದುರು ಆಗುವ ತನಕ ಹಣ್ಣು ಅವರ ಚೀಲದಲ್ಲಿದ್ದರೂ ಇವಳದೇ, ಹಣ ಇವಳ ಮಡಿಲಲ್ಲಿದ್ದರೂ ಅವರದೇ. ಮಾತಾಯಿತೋ, ಮುಗಿಯಿತು. ಮೇಲಿರುವವನು ಕೇಳಿಸಿಕೊಂಡ ಹಾಗೆ. ಹಣವಿಲ್ಲದೆ ಸಾಟಿ ಮಾಡಿಕೊಳ್ಳುವಾಗಲೂ, ಒಂದು ಬುಟ್ಟಿ ಕಿತ್ತಳೆಗೆ ಎರಡು ಹಿಡಿ ಒಣಮೀನು ಅಂದರೂ, ಇದೇ ಎರಡು ಮಾತು. ತಾಯಿ ಅವಳಿಗೆ ಹುಟ್ಟು ಹಿಡಿಯುವುದಕ್ಕಿಂತ ಮೊದಲು ಕಲಿಸಿದ್ದು ಇದನ್ನೇ.

ಆ ಗುರುವಾರ ಆದದ್ದು ಇಷ್ಟು. ಸಹ್ರಾನಿಯ ಮೋಟಾರು ದೋಣಿ ಪ್ರವಾಸಿಗಳನ್ನು ತುಂಬಿಕೊಂಡು ಬಂತು. ಸಹ್ರಾನಿ ನಲವತ್ತರ ಆಸುಪಾಸಿನ ಗಂಡಸು. ಬೆಳಿಗ್ಗೆ ಜನರನ್ನು ಸಂತೆ ತೋರಿಸಲು ತರುತ್ತಾನೆ. ಬಿಸಿಲೇರಿದ ಮೇಲೆ ಮಾರುವ ಹೆಂಗಸರ ದೋಣಿಗಳನ್ನು ಹಗ್ಗ ಕಟ್ಟಿ ಸಾಲಾಗಿ ಎಳೆದು ಮನೆ ಮುಟ್ಟಿಸುತ್ತಾನೆ. ಅವನ ದೋಣಿ ಕಂಡರೆ ಈಗ ಎಲ್ಲ ಹೆಂಗಸರೂ ಹುಟ್ಟು ಬೀಸಿ ನುಗ್ಗುತ್ತಾರೆ. ಅಂಚು ಹಿಡಿದು ಜೋತು ಬೀಳುತ್ತಾರೆ. ಅಂದು ಮೊದಲು ಅಂಚು ಸಿಕ್ಕಿದ್ದು ಅರ್ಬೈನಾಳಿಗೆ. ಮೇಲೆ ಕುಳಿತಿದ್ದವನು ನಗರದಲ್ಲಿ ಊಟದ ಮನೆ ತೆರೆಯುತ್ತಿದ್ದ ದಾರ್ಮವನ್ ಎಂಬಾತ. ಒಗೆದು ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ನಗು. ಬಾಳೆಹಣ್ಣಿಗೆ ಎಷ್ಟು ಎಂದ. ಹೇಳಿದಳು. ಒಪ್ಪಿದ. ‘ಮಾರಿದೆ’ ಅಂದಳು. ಅವನಿಗೆ ಈ ಪದ್ಧತಿ ಗೊತ್ತಿರಲಿಲ್ಲ. ಸಹ್ರಾನಿ ವಿವರಿಸಿ, ನಿಮ್ಮ ಪರವಾಗಿ ನಾನು ಹೇಳಲಾ ಬಾಪಕ್ ಎಂದು ಗೌರವದಿಂದ ಕೇಳಿ, ತಾನೇ ‘ಕೊಂಡೆ’ ಅಂದ. ಎಲ್ಲರೂ ನಕ್ಕರು. ಅದು ಅವರಿಗೆ ಆಟವಾಗಿ ಹಿಡಿಸಿತು. ಕಿತ್ತಳೆ? ಮಾರಿದೆ, ಕೊಂಡೆ. ಬುಟ್ಟಿ? ಮಾರಿದೆ, ಕೊಂಡೆ. ತಲೆಯ ಮೇಲಿನ ಟೋಪಿ? ಅದೂ ಹೋಯಿತು. ಅವಳ ಮುಖದ ಮೇಲೆ ಬಿಸಿಲು ಬಿತ್ತು, ಅವಳೂ ನಗುತ್ತಿದ್ದಳು.

“ದೋಣಿ?” ಎಂದ ದಾರ್ಮವನ್.

“ಐವತ್ತು ಲಕ್ಷ ರುಪಿಯಾ ಕೊಡಿ, ನಾನು ಈಜಿಕೊಂಡು ಮನೆಗೆ ಹೋಗ್ತೀನಿ” ಎಂದಳು ಅರ್ಬೈನಾ.

“ಆಯ್ತು.”

ಮೆಟ್ಟಿಲಿಳಿಯುವವರ ಕಾಲು ಇಲ್ಲದ ಮೆಟ್ಟಿಲಿಗೂ ಇಳಿಯುವ ಹಾಗೆ ಅವಳ ಬಾಯಿಂದ ಹೊರಟೇಹೋಯಿತು: “ಮಾರಿದೆ.”

ಸಹ್ರಾನಿಯೂ ಅದೇ ಗುಂಗಿನಲ್ಲಿದ್ದ. “ಕೊಂಡೆ” ಅಂದ.

ಆಮೇಲೆ ನಗು ನಿಂತಿತು. ಸಹ್ರಾನಿ ಅವಳ ಮುಖ ನೋಡಿದ, ಅವಳು ಅವನ ಮುಖ ನೋಡಿದಳು. ದಾರ್ಮವನ್ ಮಾತ್ರ ನಗುತ್ತಲೇ ಒಂದೊಂದು ಲಕ್ಷದ ಹತ್ತು ನೋಟುಗಳನ್ನು ತೆಗೆದು ಅವಳ ಮಡಿಲಿಗೆ ಹಾಕಿ, ಇದು ಮುಂಗಡ, ಭಾನುವಾರ ಸೇತುವೆ ಹತ್ತಿರದ ಕಟ್ಟೆಗೆ ಲಾರಿ ತರುತ್ತೇನೆ ಎಂದ. ಇಂಥದ್ದನ್ನೇ ಎರಡು ತಿಂಗಳಿಂದ ಹುಡುಕುತ್ತಿದ್ದೆ ಎಂದು ಪಕ್ಕದವರಿಗೆ ಹೇಳಿದ. ಮೋಟಾರು ಗುಡುಗಿತು. ಅದರ ಅಂಚು ಅವಳ ಕೈಯಿಂದ ತಾನಾಗಿಯೇ ತಪ್ಪಿಹೋಯಿತು.

ಪಕ್ಕದಲ್ಲೇ ತನ್ನ ಕಾಫಿ ದೋಣಿಯಲ್ಲಿ ಕುಳಿತು ಕಮ್ಸಿಯಾ ಎಲ್ಲವನ್ನೂ ನೋಡಿದ್ದಳು. ಅರ್ಬೈನಾಳಿಗಿಂತ ಎರಡು ವರ್ಷ ದೊಡ್ಡವಳು. ಮಾಡು ಹೊದಿಸಿದ ಅಗಲ ದೋಣಿಯಲ್ಲಿ ಕಾಫಿ, ತಿಂಡಿ ಮಾರುವವಳು. ಅವಳ ದೋಣಿಯ ಪಕ್ಕ ಬಂದವರು ತುದಿಗೆ ಮೊಳೆ ಬಡಿದ ಉದ್ದನೆಯ ಕೋಲಿನಿಂದ ತಮಗೆ ಬೇಕಾದ ತಿಂಡಿಯನ್ನು ಚುಚ್ಚಿ ತೆಗೆದುಕೊಳ್ಳಬೇಕು. ಆ ಕೋಲನ್ನು ಅವಳೀಗ ಅರ್ಬೈನಾಳ ದೋಣಿಯ ಅಂಚಿಗೆ ತಗುಲಿಸಿ ಹತ್ತಿರಕ್ಕೆ ಎಳೆದುಕೊಂಡಳು.

“ಈಜಿಕೊಂಡು ಹೋಗ್ತೀಯಾ? ನಿಂಗೆ ಈಜು ಬರುತ್ತೇನೇ?” ಎಂದಳು.

ಅರ್ಬೈನಾ ಮೋಟಾರು ದೋಣಿ ಹೋದ ಕಡೆಯೇ ನೋಡುತ್ತಿದ್ದಳು. ಮಡಿಲಲ್ಲಿದ್ದ ನೋಟುಗಳನ್ನು ಅವಳು ಮುಟ್ಟಿಯೂ ಇರಲಿಲ್ಲ. ಕಮ್ಸಿಯಾಳ ಮುಖದಿಂದಲೂ ತಮಾಷೆ ಮೆಲ್ಲನೆ ಇಳಿಯಿತು. ಒಂದು ಲೋಟ ಕಾಫಿ ಬಗ್ಗಿಸಿ ಕೊಟ್ಟು, ಕುಡಿ ಎಂದಳು, ಅಷ್ಟೆ.

ಅರ್ಬೈನಾಳಿಗೆ ಹಾಗೆ ಭಯವಾದದ್ದು ಸಾನಾ ಎಂಬ ಹಣ್ಣು ಮಾರುವವಳು ನೆನಪಾದ್ದರಿಂದ.

ಅರ್ಬೈನಾಳಿಗೆ ಹತ್ತೊಂಬತ್ತು ವರ್ಷವಾಗಿದ್ದಾಗಿನ ಮಾತು. ಆಗ ಸಂತೆಯೆಂದರೆ ಹೊಳೆ ಕಾಣುತ್ತಿರಲಿಲ್ಲ. ಈ ದಡದಿಂದ ಆ ದಡಕ್ಕೆ ದೋಣಿಯಿಂದ ದೋಣಿಗೆ ಕಾಲಿಟ್ಟು ದಾಟಬಹುದು ಎಂದು ಗಂಡಸರು ಪಂಥ ಕಟ್ಟುತ್ತಿದ್ದ ಕಾಲ. ಮೇಲ್ಹೊಳೆಯಿಂದ ಅಕ್ಕಿ ಬರುತ್ತಿತ್ತು, ಕೆಳಗಿನಿಂದ ತೆಂಗು, ಉಪ್ಪು, ಒಣಮೀನು. ಒಳಗಿನ ಕಾಲುವೆಗಳಿಂದ ಹಲಸು, ಸೊಪ್ಪು, ಬಾತುಕೋಳಿ. ಪ್ರವಾಸಿಗಳೆಂಬ ಮಾತೇ ಇರಲಿಲ್ಲ. ಮಾರುವವರೇ ಕೊಳ್ಳುವವರು. ಬೆಳಗಿನ ಮಂಜಿನೊಳಗಿಂದ ಮಾರಿದೆ, ಕೊಂಡೆ, ಮಾರಿದೆ, ಕೊಂಡೆ ಎಂಬುದು ಸಾವಿರ ಬಾಯಿಗಳಿಂದ, ಕಪ್ಪೆಗಳ ವಟಗುಟ್ಟುವಿಕೆಯ ಹಾಗೆ, ಎಡೆಬಿಡದೆ ಏಳುತ್ತಿತ್ತು. ಚಿಕ್ಕವಳಿದ್ದಾಗ ಅವಳು ತಾಯಿಯ ಬೆನ್ನಿಗೆ ಮುಖ ಒತ್ತಿ ಅದನ್ನು ಕೇಳುತ್ತಿದ್ದಳು. ಅದು ನಿಲ್ಲಬಹುದೆಂದು ಆಗ ಅವಳಿಗೆ ಹೊಳೆದಿರಲೇ ಇಲ್ಲ.

ಸಾನಾ ಒಂದು ದೋಣಿ ಹಲಸಿನ ಹಣ್ಣು ತಂದಿದ್ದಳು. ಒಬ್ಬನಿಗೆ ‘ಮಾರಿದೆ’ ಅಂದಳು, ಅವನು ‘ಕೊಂಡೆ’ ಅಂದ, ಹಣ ತರಲು ತನ್ನ ದೊಡ್ಡ ದೋಣಿಗೆ ಹೋದ. ಅಷ್ಟರಲ್ಲಿ ಇನ್ನೊಬ್ಬ ಬಂದು ಹೆಚ್ಚಿನ ಬೆಲೆ ಹೇಳಿದ. ಸಾನಾಳ ಮನೆಯಲ್ಲಿ ಏನು ತಾಪತ್ರಯವಿತ್ತೋ, ಕೊಟ್ಟುಬಿಟ್ಟಳು. ಯಾರೂ ಕೂಗಾಡಲಿಲ್ಲ, ಬೈಯಲಿಲ್ಲ. ಮರುದಿನದಿಂದ ಯಾರೂ ಅವಳಿಗೆ ‘ಕೊಂಡೆ’ ಅನ್ನಲಿಲ್ಲ, ಅಷ್ಟೆ. ಅವಳು ದೋಣಿಯಿಂದ ದೋಣಿಗೆ ಹೋಗಿ ಹಣ್ಣು ಎತ್ತಿ ತೋರಿಸುತ್ತಿದ್ದಳು. ಜನ ಟೋಪಿ ತಗ್ಗಿಸುತ್ತಿದ್ದರು. ಹನ್ನೆರಡು ದಿನ ಬಂದಳು. ಹನ್ನೆರಡನೆಯ ದಿನ ಅರ್ಬೈನಾಳ ದೋಣಿಯ ಪಕ್ಕಕ್ಕೆ ಬಂದು, “ತಂಗಿ, ನೀನಾದ್ರೂ ಒಂದು ತಗೋ. ಹಾಗೇ ತಗೋ” ಅಂದಳು. ಅರ್ಬೈನಾ ನೀರನ್ನು ನೋಡುತ್ತಾ ಕುಳಿತಳು. ಕೊಳೆತ ಹಲಸಿನ ವಾಸನೆ ಹತ್ತಿರ ಬಂತು, ದೂರ ಹೋಯಿತು. ಹದಿಮೂರನೆಯ ದಿನದಿಂದ ಸಾನಾ ಬರಲಿಲ್ಲ.

ನಲವತ್ತೆರಡು ವರ್ಷ ಆ ವಾಸನೆಯನ್ನು ಅರ್ಬೈನಾ ಮರೆತಿದ್ದಳು. ಆ ಗುರುವಾರ ಖಾಲಿ ದೋಣಿಯಲ್ಲಿ ಅದು ಎದ್ದು ಬಂತು.

ಸಂತೆಯೇನೂ ಈಗ ಮೊದಲಿನ ಸಂತೆಯಲ್ಲ. ಇಪ್ಪತ್ತು ವರ್ಷಗಳ ಹಿಂದೆ ರಸ್ತೆ ಬಂತು, ಹಿಂದೆಯೇ ಸೇತುವೆ. ಸೇತುವೆ ಆದ ವರ್ಷ ಹೆಂಗಸರೆಲ್ಲ ಅದರ ನೆರಳಿನಲ್ಲಿ ದೋಣಿ ನಿಲ್ಲಿಸಿ ತಂಪಾಗಿದೆ ಎಂದು ಸಂತೋಷಪಟ್ಟಿದ್ದರು. ಆಮೇಲೆ ಅಕ್ಕಿಯ ದೋಣಿ ನಿಂತಿತು. ಒಣಮೀನಿನವರು ಬರುವುದು ನಿಂತಿತು. ವ್ಯಾಪಾರಿಗಳು ಪಿಕಪ್ ಗಾಡಿಗಳಲ್ಲಿ ತೋಟದ ಬಾಗಿಲಿಗೇ ಬಂದು, ಕಿತ್ತಳೆಯನ್ನು ಮರದ ಮೇಲಿದ್ದಂತೆಯೇ ಕೊಳ್ಳತೊಡಗಿದರು. ತೋಟದಲ್ಲಿ ಗಂಡಸರು ಮಾರುತ್ತಿದ್ದರು. ಅಲ್ಲಿ ಯಾರೂ ಏನೂ ಅನ್ನಬೇಕಾಗಿರಲಿಲ್ಲ, ತೂಕದ ಯಂತ್ರ ನೋಡಿ ತಲೆಯಾಡಿಸಿದರೆ ಸಾಕು. ಹೊಳೆಯ ಮೇಲೆ ಸಾವಿರ ಇದ್ದದ್ದು ಮುನ್ನೂರಾಯಿತು, ನೂರಾಯಿತು, ಈಗ ಮೂವತ್ತು. ಮೂವತ್ತು ದೋಣಿಗಳೂ ಒಂದಕ್ಕೊಂದು ಮಾರುವುದಿಲ್ಲ. ನೋಡಲು ಬರುವವರ ಕಡೆಗೆ ಮೂತಿ ತಿರುಗಿಸಿ ಕಾಯುತ್ತವೆ. ಚಿಕ್ಕ ವಯಸ್ಸಿನವರು ಚಿತ್ರಚಿತ್ರದ ಚೌಕದ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಹುಟ್ಟಿಗೆ ಕಟ್ಟಿಕೊಂಡಿರುತ್ತಾರೆ. ಕೊಳ್ಳುವವರು ಅದಕ್ಕೆ ಫೋನು ತೋರಿಸುತ್ತಾರೆ, ಫೋನು ಕುಂಯ್ ಅನ್ನುತ್ತದೆ. ಆ ಸದ್ದು ಕೇಳಿದಾಗೆಲ್ಲ ಅರ್ಬೈನಾ ಮನಸ್ಸಿನಲ್ಲೇ ‘ಮಾರಿದೆ’ ಅಂದುಕೊಂಡು ಆ ಕಡೆಯಿಂದ ಉತ್ತರಕ್ಕೆ ಕಾಯುತ್ತಿದ್ದಳು. ತನ್ನಲ್ಲಿ ಕೊಂಡವರೂ ‘ಕೊಂಡೆ’ ಅನ್ನದೆ ಹೋದ ದಿನ, ಆ ಹಣದ ಅಕ್ಕಿ ಅವಳ ಗಂಟಲಲ್ಲಿ ಒಂದು ಕ್ಷಣ ನಿಂತು ಇಳಿಯುತ್ತಿತ್ತು.

ಶುಕ್ರವಾರ ಅವಳು ಸಂತೆಗೆ ಹೋಗಲಿಲ್ಲ. ಮಸ್ರಾನ್‌ಗೆ ಮಂಡಿನೋವು ಎಂದಳು. ಹೊಳೆಯಲ್ಲಿ ಮೋಟಾರಿನ ಸದ್ದಾದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಡುತ್ತಿದ್ದಳು. ನೋಟುಗಳನ್ನು ಒಂದು ಬಟ್ಟೆಯಲ್ಲಿ ಸುತ್ತಿ ದೋಣಿಯ ಹಲಗೆಯ ಕೆಳಗೇ ಇಟ್ಟಿದ್ದಳು; ಅವುಗಳನ್ನು ಮನೆಯೊಳಕ್ಕೆ ತರಲು ಧೈರ್ಯ ಬಂದಿರಲಿಲ್ಲ. ಕೊಡುವುದಿಲ್ಲ ಎಂದರೆ ಏನಾದೀತು ಎಂದು ಯೋಚಿಸಿದಳು. ಆ ನಗರದವನಿಗೆ ‘ಕೊಂಡೆ’ ಎಂಬ ಮಾತಿನ ಅರ್ಥವೂ ಗೊತ್ತಿಲ್ಲ, ನಕ್ಕು ಹೋಗಬಹುದು. ಮೂವತ್ತು ದೋಣಿಯವರಲ್ಲಿ ಅರ್ಧ ಜನ ಸಾನಾಳ ಹೆಸರು ಕೇಳಿದವರೇ ಅಲ್ಲ. ಅವಳನ್ನು ಬಹಿಷ್ಕರಿಸಲು ಈಗ ಸಂತೆಯೇ ಇಲ್ಲ. ಇದು ಸಮಾಧಾನ ತರಬೇಕಿತ್ತು. ಆದರೆ ಯೋಚಿಸಿದಷ್ಟೂ ಅವಳ ಭಯ ಹೆಚ್ಚಿತು. ಕೇಳಿಸಿಕೊಳ್ಳುವವರು ಯಾರೂ ಇಲ್ಲದ ಕಡೆ ಮಾತು ಮುರಿದರೆ, ಆ ಮಾತನ್ನು ಇಷ್ಟು ವರ್ಷ ಯಾಕೆ ಆಡಿದೆ? ಸಾನಾಳ ಕಡೆ ಯಾಕೆ ನೋಡಲಿಲ್ಲ?

ಕೊಟ್ಟರೆ? ಕೊಟ್ಟರೆ ಭಾನುವಾರದ ಮರುದಿನ ಬೆಳಿಗ್ಗೆ ನಮಾಜು ಮುಗಿಸಿ ಮೆಟ್ಟಿಲಿಳಿದಾಗ ಅಲ್ಲಿ ಬರೀ ನೀರು ಇರುತ್ತದೆ. ಅವಳು ಯೋಚನೆಯಲ್ಲಿ ಆ ಮೆಟ್ಟಿಲವರೆಗೆ ಹೋಗಿ ಹೋಗಿ ತಿರುಗಿ ಬರುತ್ತಿದ್ದಳು.

ಶನಿವಾರ ಮಧ್ಯಾಹ್ನ ಮಸ್ರಾನ್ ದೋಣಿಯ ಸಂದುಗಳಿಗೆ ಹೊಸದಾಗಿ ಅಂಟು ತುಂಬೋಣವೆಂದು ಹಲಗೆ ಎತ್ತಿದ. ಬಟ್ಟೆಯ ಗಂಟು ಸಿಕ್ಕಿತು. ಅದನ್ನು ಹಿಡಿದುಕೊಂಡು ಜಗಲಿಗೆ ಬಂದು ಅವಳ ಮುಂದೆ ಇಟ್ಟು ಕುಳಿತ. ಕಡಿಮೆ ಮಾತಿನ ಮನುಷ್ಯ. ಕಿತ್ತಳೆ ಮರಗಳ ಜೊತೆ ಇದ್ದು ಇದ್ದು ಹಾಗಾದವನು ಎಂದು ಕಮ್ಸಿಯಾ ಆಡಿಕೊಳ್ಳುತ್ತಿದ್ದಳು. ಅರ್ಬೈನಾ ಎಲ್ಲವನ್ನೂ ಹೇಳಿದಳು. ಹೇಳುವಾಗ ತಮಾಷೆಯ ಭಾಗವನ್ನೂ ಬಿಡಲಿಲ್ಲ, ಅದು ಈಗ ತಮಾಷೆಯಾಗಿ ಕೇಳಿಸದಿದ್ದರೂ.

“ಬೇಕೂಂತ ಹೇಳಿದ್ದಲ್ಲ. ಬಾಯಿಂದ ಜಾರಿಹೋಯ್ತು” ಎಂದಳು.

ಅವನು ಗಂಟನ್ನು ಅವಳ ಕಡೆ ಸರಿಸಿದ.

“ಜಾರಿದ್ದಾದ್ರೂ ನಿನ್ನ ಬಾಯಿಂದಲೇ ಅಲ್ವಾ” ಎಂದ.

ಆಮೇಲೆ ಎದ್ದು ಹೋಗಿ ಅಂಟಿನ ಡಬ್ಬಿಯನ್ನು ಮುಚ್ಚಿಟ್ಟ. ಬಕೀಟು ತೆಗೆದುಕೊಂಡು ದೋಣಿಗಿಳಿದು, ತೆಂಗಿನ ನಾರಿನಲ್ಲಿ ಅದನ್ನು ಒಳಗೂ ಹೊರಗೂ ಉಜ್ಜಿ ತೊಳೆಯತೊಡಗಿದ. ಬೇರೆಯವರ ಮನೆಗೆ ಹೋಗುವುದನ್ನು ತೊಳೆದು ಕೊಡಬೇಕು. ಎಡ ಅಂಚಿನ ತಗ್ಗಿನ ಹತ್ತಿರ ಅವನ ಕೈ ನಿಂತದ್ದನ್ನು ಅವಳು ಜಗಲಿಯಿಂದ ಕಂಡಳು. ಅವನು ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಆ ತನಕ ಎಲ್ಲೋ ಒಂದು ಮೂಲೆಯಲ್ಲಿ, ಗಂಡ ಬೇಡ ಎನ್ನುತ್ತಾನೆ, ಅವನ ಬೆನ್ನ ಹಿಂದೆ ಅವಿತುಕೊಳ್ಳಬಹುದು ಎಂದು ಅವಳು ನಂಬಿದ್ದಳು. ಆ ಜಾಗವೂ ಈಗ ತೊಳೆದುಹೋಯಿತು.

ಭಾನುವಾರ ಬೆಳಿಗ್ಗೆ ಗಂಟನ್ನು ಮತ್ತೆ ಹಲಗೆಯ ಕೆಳಗಿಟ್ಟು ಅವಳು ಒಬ್ಬಳೇ ಹೊರಟಳು. ಮಸ್ರಾನ್ ಬರುತ್ತೇನೆಂದಿದ್ದ, ಬೇಡ, ವಾಪಸ್ ಬರುವಾಗ ಕಮ್ಸಿಯಾಳ ದೋಣಿಯಲ್ಲಿ ಬರುತ್ತೇನೆ ಎಂದಿದ್ದಳು. ಅಭ್ಯಾಸಬಲದಿಂದ ಅವನು ಎರಡು ಗೊನೆ ಬಾಳೆ, ಒಂದು ಬುಟ್ಟಿ ಕಿತ್ತಳೆಯನ್ನು ದೋಣಿಯಲ್ಲಿಟ್ಟಿದ್ದ. ಬರಿದೋಣಿಯಲ್ಲಿ ಹೋಗಬಾರದು ಎಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಸೇತುವೆಯ ಕಟ್ಟೆಯ ಮೇಲೆ ಲಾರಿ ಬಂದು ನಿಂತಿತ್ತು. ಅದರ ಹಿಂಬದಿಯ ಹಲಗೆ ಬಾಯಿ ತೆರೆದಂತೆ ಕೆಳಗೆ ಬಿದ್ದಿತ್ತು. ಇಬ್ಬರು ಕೆಲಸದವರು ಹಗ್ಗ ಬಿಚ್ಚುತ್ತಿದ್ದರು. ಅರ್ಬೈನಾ ಹುಟ್ಟನ್ನು ನೀರಿನಲ್ಲಿ ಹಿಡಿದು ನಿಲ್ಲಿಸಿದಳು. ಹೊಳೆ ದೋಣಿಯನ್ನು ಹಿಂದಕ್ಕೆ ಒಯ್ಯತೊಡಗಿತು. ಇನ್ನೂ ಸ್ವಲ್ಪ ಹೊತ್ತು ಹೀಗೇ ಬಿಟ್ಟರೆ ಅದು ಅವಳನ್ನು ಸಮುದ್ರದವರೆಗೂ ಒಯ್ಯುತ್ತಿತ್ತು. ಅವಳು ಮತ್ತೆ ಹುಟ್ಟು ಹಾಕಿದಳು.

ಕಟ್ಟೆಯ ಕೆಳಗೆ ಕಮ್ಸಿಯಾಳ ಕಾಫಿ ದೋಣಿ ಆಗಲೇ ಬಂದು ನಿಂತಿತ್ತು. ಸಹ್ರಾನಿ ಕಟ್ಟೆಯ ಮೆಟ್ಟಿಲ ಮೇಲೆ ಕುಳಿತು, ಯಾರ ಮುಖವನ್ನೂ ನೋಡದೆ, ಹಗ್ಗದ ತುದಿಯನ್ನು ಬಿಚ್ಚಿ ಹೆಣೆಯುತ್ತಿದ್ದ. ದಾರ್ಮವನ್ ಕೆಳಗಿಳಿದು ಬಂದು ಅವಳಿಗೆ ಕೈಮುಗಿದಂತೆ ಮಾಡಿದ. ಕೆಟ್ಟವನಲ್ಲ. ದೋಣಿಯನ್ನು ತೊಳೆದು ತಂದದ್ದು ನೋಡಿ ಅವನಿಗೆ ಕೃತಜ್ಞತೆಯೇ ಆಯಿತು. ಅದರ ಮೂತಿಯನ್ನು ಸವರುತ್ತಾ ತನ್ನ ಊಟದ ಮನೆಯ ಬಗ್ಗೆ ಹೇಳಿದ. ಗೋಡೆಗಳ ಮೇಲೆ ಹಳೆಯ ಸಂತೆಯ ದೊಡ್ಡ ದೊಡ್ಡ ಚಿತ್ರಗಳು. ಬಾಗಿಲ ಮುಂದೆ ಈ ದೋಣಿ. ಒಳಗೆ ಮಣ್ಣು ತುಂಬಿಸಿ ಹೂವಿನ ಗಿಡ ಹಾಕಿಸುತ್ತೇನೆ, ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ಒಮ್ಮೆ ಬಂದು ನೋಡಬೇಕು ಎಂದ.

“ಮಣ್ಣಿಗೆ ಹಾಕಿದ ನೀರು ಒಳಗೇ ನಿಲ್ಲುತ್ತಲ್ಲ?” ಅರ್ಬೈನಾ ಕೇಳಿದಳು. ಯಾಕೆ ಕೇಳಿದಳೋ ಅವಳಿಗೇ ತಿಳಿಯಲಿಲ್ಲ.

“ಅಡಿಯಲ್ಲಿ ತೂತು ಕೊರೆಸ್ತೀವಿ. ಆರೋ ಏಳೋ ಸಾಕು.”

ಅವಳು ದೋಣಿಯಲ್ಲಿ ಕುಳಿತೇ ಇದ್ದಳು. ಏಳಬೇಕಿತ್ತು. ಎಡಗೈ ತಗ್ಗಿನಲ್ಲಿತ್ತು, ಅದನ್ನು ಎತ್ತಲು ಆಗಲಿಲ್ಲ. ತನ್ನ ಕಾಲಡಿಯಲ್ಲಿ ಆರೋ ಏಳೋ ಕಡೆ ನೀರು ಚಿಮ್ಮಿದಂತೆ ಅವಳಿಗೆ ಅನ್ನಿಸಿ ಹಲಗೆಯನ್ನು ನೋಡಿದಳು. ಹಲಗೆ ಒಣಗಿತ್ತು. ಕೆಲಸದವನೊಬ್ಬ ಬಂದು ಮೂತಿಗೆ ಹಗ್ಗ ಬಿಗಿದ. ದಾರ್ಮವನ್ ಉಳಿದ ಹಣದ ಲಕೋಟೆಯನ್ನು ಚಾಚಿದ.

ಆಗ ಕಾಫಿ ದೋಣಿಯಿಂದ ಮೊಳೆಯ ಕೋಲು ಬಂದು ಸಹ್ರಾನಿಯ ಮಂಡಿಗೆ ಮೆಲ್ಲನೆ ತಾಗಿತು.

“ಲೋ ಸಹ್ರಾನಿ,” ಎಂದಳು ಕಮ್ಸಿಯಾ. “ಆವತ್ತು ‘ಕೊಂಡೆ’ ಅಂದೋರು ಯಾರು?”

ಸಹ್ರಾನಿ ತಲೆಯೆತ್ತಿದ. ಸಂತೆಯ ಹೆಂಗಸರೆಲ್ಲ ಅವನಿಗೆ ಆಚಿಲ್, ಅಂದರೆ ಚಿಕ್ಕಮ್ಮ. “ಯಾರು ಅಂದ್ರೆ... ನಾನೇ, ಆಚಿಲ್. ಇವರ ಪರವಾಗಿ.”

“ಬಾಳೆಹಣ್ಣಿಗೆ ಇವರನ್ನ ಕೇಳಿ ಹೇಳ್ದೆ. ನಾನು ಕೇಳಿಸ್ಕೊಂಡೆ. ಟೋಪಿ ತನಕಾನೂ ಇವರು ಸನ್ನೆ ಮಾಡಿದ್ದು ನೋಡ್ದೆ. ದೋಣಿಗೆ ನಿನ್ನ ಕೇಳಿದ್ರಾ, ನನ್ನ ಪರವಾಗಿ ಹೇಳಪ್ಪಾ ಅಂತ?”

ಸಹ್ರಾನಿ ದಾರ್ಮವನ್‌ನನ್ನು ನೋಡಿದ. ದಾರ್ಮವನ್ ನೆನಪು ಮಾಡಿಕೊಳ್ಳುವವನಂತೆ ಹುಬ್ಬು ಗಂಟಿಕ್ಕಿ, ಇಲ್ಲ, ಕೇಳಲಿಲ್ಲ, ಅದರಿಂದೇನು ಎಂದ.

“ಕೇಳಲಿಲ್ಲ” ಎಂದ ಸಹ್ರಾನಿಯೂ. “ಬಾಯಿಗೆ ಬಂತು, ಹೇಳಿಬಿಟ್ಟೆ.”

“ಇವಳ ಬಾಯಿಗೆ ಬಂದದ್ದು ಮಾತಾದ್ರೆ, ನಿನ್ನ ಬಾಯಿಗೆ ಬಂದದ್ದೂ ಮಾತೇ ಅಲ್ವೇನೋ? ದೋಣಿ ಕೊಂಡೋನು ನೀನು. ಇವರ್ಯಾಕೆ ಹಗ್ಗ ಕಟ್ತಿದಾರೆ?”

ಸಹ್ರಾನಿಯ ಕೈಯಲ್ಲಿ ಹಗ್ಗದ ಹೆಣಿಗೆ ನಿಂತಿತು. ಅರ್ಬೈನಾ ಆ ಗುರುವಾರವನ್ನು ನಾಲ್ಕು ದಿನಗಳಲ್ಲಿ ನೂರು ಸಲ ತಿರುಗಿ ತಿರುಗಿ ನೋಡಿದ್ದಳು. ಆದರೆ ಪ್ರತಿ ಸಲವೂ ಅವಳಿಗೆ ಕೇಳಿಸಿದ್ದು ತನ್ನ ದನಿಯೊಂದೇ. ಉತ್ತರ ಕೊಟ್ಟ ದನಿ ಯಾರದೆಂದು ಕಿವಿಗೊಟ್ಟಿರಲಿಲ್ಲ. ಈಗ ಅದು ಸರಿಯಾಗಿ ಕೇಳಿಸಿತು. ದೋಣಿ ತನ್ನದಲ್ಲ, ಅದು ಹೋಗಿಯಾಗಿದೆ, ಆದರೆ ಹೋದದ್ದು ಈ ಇಸ್ತ್ರಿ ಅಂಗಿಯವನಿಗಲ್ಲ. ಮೆಟ್ಟಿಲ ಮೇಲೆ ಹಗ್ಗ ಹೆಣೆಯುತ್ತಾ ಕುಳಿತವನಿಗೆ.

ದಾರ್ಮವನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವನು ಸಿಟ್ಟಾಗಲಿಲ್ಲ, ನಕ್ಕ. ಆಗಲಿ, ಹಾಗಾದರೆ ನಿನ್ನ ಹತ್ತಿರ ಕೊಳ್ಳುತ್ತೇನೆ, ಅರವತ್ತು ಲಕ್ಷ, ಈಗಲೇ ಕೈಗೆ ಎಂದು ಸಹ್ರಾನಿಯ ಕಡೆ ತಿರುಗಿದ. ಅವಳಿಗೆ ಕೊಡಬೇಕಾದ್ದು ಕೊಟ್ಟು ಉಳಿದದ್ದು ನೀನಿಟ್ಟುಕೋ ಎಂದ.

ಅರ್ಬೈನಾಳ ಭಯಕ್ಕೆ ನಾಲ್ಕು ದಿನ ಒಂದೇ ಮುಖವಿತ್ತು. ಈಗ ಅದು ಮುಖ ಬದಲಿಸಿತು. ಸಹ್ರಾನಿಯ ಮೋಟಾರು ಹಳೆಯದು, ತಿಂಗಳಿಗೆರಡು ಸಲ ಹೊಳೆಯ ನಡುವೆ ಕೆಮ್ಮಿ ನಿಲ್ಲುತ್ತದೆ. ಹತ್ತು ಲಕ್ಷದಲ್ಲಿ ಅದನ್ನು ಹೊಸದರಂತೆ ಮಾಡಿಸಬಹುದು. ಅವನು ಅವಳಿಗೆ ನೆಂಟನಲ್ಲ, ಯಾವ ಋಣವೂ ಇಲ್ಲ. ಬೇಡಿಕೊಳ್ಳಲು ಅವಳು ಬಾಯಿ ತೆರೆದಳು, ತಕ್ಷಣ ಮುಚ್ಚಿಕೊಂಡಳು. ಆ ಬಾಯಿಯನ್ನು ಅವಳು ಈಗ ನಂಬುತ್ತಿರಲಿಲ್ಲ.

ಸಹ್ರಾನಿ ಹೆಣೆದ ಹಗ್ಗವನ್ನು ಕೆಳಗಿಟ್ಟ. ಲಕೋಟೆಯನ್ನು ನೋಡಿದ. ಸೇತುವೆಯ ಆಚೆ ಮಂಜಿನಲ್ಲಿ ಇನ್ನೂ ಚದುರಿ ನಿಂತಿದ್ದ ಸಂತೆಯ ಕಡೆ ನೋಡಿ, ತುಟಿ ಅಲ್ಲಾಡಿಸುತ್ತಾ, ದೋಣಿಗಳನ್ನು ಎಣಿಸಿದ. ಎಣಿಸುವುದು ಬೇಗ ಮುಗಿಯಿತು.

“ಬಾಪಕ್, ಬೇಜಾರು ಮಾಡ್ಕೋಬೇಡಿ,” ಎಂದ. “ಹೋದ ವರ್ಷ ನಲವತ್ತಿತ್ತು. ಇವರೂ ಹೋದ್ರೆ ನಾಳೆ ಜನಾನ ಕರ್ಕೊಂಡು ಬಂದು ನಾನು ಏನು ತೋರಿಸಲಿ, ನೀರನ್ನಾ?”

ಆಮೇಲೆ ಅವಳ ಕಡೆ ತಿರುಗಿ, ಬಾಳೆಹಣ್ಣನ್ನು ನೋಡುತ್ತಾ, “ಸಾಟಿ ಮಾಡ್ಕೊಳ್ಳೋಣ, ಆಚಿಲ್. ನಾನು ಕೊಡಬೇಕಾದ ಐವತ್ತು ಲಕ್ಷ ಬಿಡಿ, ದೋಣಿ ತಗೊಳ್ಳಿ, ಮೇಲೆ ಎರಡು ಚಿಪ್ಪು. ಕಳಿತದ್ದು ಕೊಡಿ, ಕಾಯಿ ಬೇಡ” ಎಂದ. ಎದ್ದು ನಿಂತು, ಸಂತೆಯ ಹೆಂಗಸರು ಅನ್ನುವ ಹಾಗೆಯೇ ಗಟ್ಟಿಯಾಗಿ, “ಮಾರಿದೆ” ಅಂದ.

ಒಂದೇ ಒಂದು ಮಾತು ಬೇಕಿತ್ತು. ನಲವತ್ತೊಂಬತ್ತು ವರ್ಷ, ದಿನಕ್ಕೆ ಹತ್ತಾರು ಸಲ ಕೇಳಿದ ಮಾತು. ಅರ್ಬೈನಾಳ ಗಂಟಲಿನಿಂದ ಗಾಳಿ ಬಂತು, ದನಿ ಬರಲಿಲ್ಲ. ಮೂರು ದಿನದ ಹಿಂದೆ ಕರೆಯದೆಯೇ ಮಾತು ಹೊರಬಿದ್ದ ಬಾಯಿಗೆ ಈಗ ಕರೆದರೂ ಮಾತು ಬರುತ್ತಿಲ್ಲ. ಕೆಲಸದವನು ಕೈಯಲ್ಲಿ ಹಗ್ಗ ಹಿಡಿದೇ ನಿಂತಿದ್ದ. ಕಮ್ಸಿಯಾ ಕೋಲನ್ನು ಎದೆಗೆ ಒತ್ತಿಕೊಂಡಿದ್ದಳು. ಅವಳ ತುಟಿಗಳು, ಮಗುವಿಗೆ ಮಾತು ಕಲಿಸುವವರ ತುಟಿಗಳಂತೆ, ಸದ್ದಿಲ್ಲದೆ ಆ ಪದದ ಆಕಾರ ಮಾಡುತ್ತಿದ್ದವು. ನೀರಿನ ಮೇಲಿಂದ ಒಂದು ವಾಸನೆ ಬಂದಂತಾಯಿತು. ತನಗೆ ಯಾರೂ ಹೇಳದೆ ಹೋದ ಆ ಮಾತಿಗಾಗಿ ಸಾನಾ ಹನ್ನೆರಡು ದಿನ ಹೀಗೇ ಕಾದಿದ್ದಳು.

“ಕೊಂಡೆ” ಎಂದಳು ಅರ್ಬೈನಾ. ಕೇಳಿಸಿತೋ ಇಲ್ಲವೋ ಎಂದು ಹೆದರಿ ಇನ್ನೊಮ್ಮೆ ಅಂದಳು. ಆಮೇಲೆ ಚಾಕು ತೆಗೆದು ಗೊನೆಯಿಂದ ಎರಡು ಚಿಪ್ಪು ಕೊಯ್ದಳು. ಒಂದು ಹಣ್ಣು ಕಳಚಿ ನೀರಿಗೆ ಬಿತ್ತು. ಅದರ ಬದಲಿಗೆ ಇನ್ನೊಂದನ್ನು ಸೇರಿಸಿ ಕೊಟ್ಟಳು.

ಹಲಗೆಯ ಕೆಳಗಿನ ಗಂಟು ತೆಗೆದು ಹತ್ತು ನೋಟುಗಳನ್ನು ಹಾಗೆಯೇ ದಾರ್ಮವನ್‌ನ ಕೈಗಿತ್ತಳು. ಅವನು ಎಣಿಸದೆ ಜೇಬಿಗಿಟ್ಟುಕೊಂಡ. ಮುಖ ಸ್ವಲ್ಪ ಕೆಂಪಾಗಿತ್ತು, ಆದರೂ ಸೌಜನ್ಯ ಬಿಡಲಿಲ್ಲ. ಪರವಾಗಿಲ್ಲ ಅಮ್ಮಾ, ಮೇಲ್ಹೊಳೆಯ ಊರುಗಳಲ್ಲಿ ಮನೆ ಮನೆಯ ಕೆಳಗೂ ಇಂಥವು ಮಗುಚಿ ಬಿದ್ದಿವೆಯಂತೆ, ಮಾರಿದೆ ಗೀರಿದೆ ಏನೂ ಇಲ್ಲದೆ ಕೊಡುತ್ತಾರೆ ಎಂದ. ಅವಳನ್ನು ನೋಯಿಸಬೇಕೆಂದು ಹೇಳಿದ್ದಲ್ಲ. ಲಾರಿ ಖಾಲಿ ಹೋಯಿತು. ಅದು ಮೇಲ್ಹೊಳೆಯ ಕಡೆಗೇ ತಿರುಗಿದ್ದನ್ನು ಅರ್ಬೈನಾ ನೋಡಿದಳು.

ಆ ದಿನ ಅವಳು ಮಾರಲಿಲ್ಲ. ಬಿಸಿಲೇರಿದ ಮೇಲೆ ಸಹ್ರಾನಿ ಎಂದಿನಂತೆ ಮೋಟಾರು ಹಚ್ಚಿದ. ಹೆಂಗಸರ ದೋಣಿಗಳು ಒಂದರ ಹಿಂದೊಂದು ಬಂದು ಹಗ್ಗಕ್ಕೆ ಕಟ್ಟಿಕೊಂಡವು. ಹಿಂದೆಲ್ಲ ಈ ಸಾಲು ಹೊಳೆಯ ತಿರುವು ದಾಟಿದರೂ ಮುಗಿಯುತ್ತಿರಲಿಲ್ಲ. ಈಗ ತಿರುಗಿ ನೋಡಿದರೆ ಕೊನೆಯವಳ ಮುಖ ಕಾಣುತ್ತದೆ, ಅವಳು ಕೆನ್ನೆಯ ಲೇಪ ತೊಳೆದುಕೊಳ್ಳುತ್ತಿರುವುದೂ ಕಾಣುತ್ತದೆ. ಅರ್ಬೈನಾಳ ದೋಣಿ ಎಲ್ಲಕ್ಕೂ ಮುಂದಿತ್ತು. ಸಹ್ರಾನಿ ಒಂದು ಕೈಯಲ್ಲಿ ಚುಕ್ಕಾಣಿ ಹಿಡಿದು ಇನ್ನೊಂದರಲ್ಲಿ ಬಾಳೆಹಣ್ಣು ಸುಲಿಯುತ್ತಿದ್ದ. ಒಂದು ತಿಂದ. ಇನ್ನೊಂದು ಸುಲಿದ.

“ಹಗ್ಗ ಕಟ್ಟಿದೀನಿ, ಆಚಿಲ್. ಕೈ ಬಿಡಿ, ನೋಯುತ್ತೆ” ಎಂದ, ತಿರುಗದೆಯೇ.

ಅವಳ ಬಲಗೈ ಅವನ ದೋಣಿಯ ಅಂಚನ್ನು ಹಿಡಿದಿತ್ತು. ಎಡಗೈ ತಗ್ಗಿನಲ್ಲಿತ್ತು. ಸರಿ ಎಂದಳು. ತನ್ನ ಮನೆಯ ಮೆಟ್ಟಿಲು, ಮೆಟ್ಟಿಲ ಮೇಲೆ ಬರಿಗೈಯಲ್ಲಿ ನಿಂತು ಬರುತ್ತಿರುವ ದೋಣಿಗಳನ್ನು ಒಂದೊಂದಾಗಿ ನೋಡುತ್ತಿದ್ದ ಮಸ್ರಾನ್, ಇಷ್ಟೂ ಕಾಣಿಸಿದ ಮೇಲೂ ಅವಳು ಕೈ ಬಿಟ್ಟಿರಲಿಲ್ಲ.